ಮೇಷ್ಟ್ರ ಮುಂದಿನರ್ಧ, ಹಿಂದಿನರ್ಧ

“ಏಳನೇ ಕ್ಲಾಸು ದಾಟದೋನ ನಾಯಿ ನಾಕೂ ಕಾಲಲ್ಲಿ ನಡ್ಕಂಡು ಯಾವ ಕಚೇರಿಗೆ ಹೋಗ್ಬೇಕಾಗೈತವ್ವಾ?” ಎಂದು ಮಿಲ್ಲಿನ ಪಾಲಾಕ್ಷಯ್ಯ ನಮ್ಮವ್ವನನ್ನು ಕೇಳಿದ.

ಕೇಳಿದ್ದು ಪಶು ಆಸ್ಪತ್ರೆಯ ಜಗಲಿಯ ಮೇಲೆ, ಹನ್ನೊಂದು ಜನರ ಎದುರಿಗೆ. ಐದು ನಾಯಿ, ಬಾಯಿಹುಣ್ಣಿನ ಒಂದು ಬೆಕ್ಕು, ಪುಕ್ಕ ಉದುರಿದ ಒಂದು ಗಿಳಿ ಬೇರೆ. ಜನ ನಕ್ಕರು. ಗಿಳಿಯೂ ನಕ್ಕಿತು ಅಂತ ನನಗೆ ಇವತ್ತಿಗೂ ಅನುಮಾನವಿದೆ. ಅವ್ವನ ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ, ಎರಡು ಬಾಳೆಹಣ್ಣು. ಪಾಲಾಕ್ಷಯ್ಯ ಅದರಲ್ಲಿ ಒಂದು ಹಣ್ಣನ್ನು ಸುಲಿದು ತಿನ್ನುತ್ತಲೇ ಆ ಮಾತು ಆಡಿದ್ದ. ತಿಂದು ಮುಗಿಸಿ, ಸಿಪ್ಪೆಯನ್ನು ಮತ್ತೆ ಅದೇ ತಟ್ಟೆಗೆ ಇಟ್ಟು, ಉಳಿದ ಮಾತನ್ನೂ ಮುಗಿಸಿದ. ತನ್ನ ನಾಯಿ ಡೈಮಂಡ್ ಕೊಬ್ಬು ಕೊಟ್ಟರೆ ನಮ್ಮ ಮನೆ ತನಗೆ ಬೀಗರ ಮನೆ ಆಗುತ್ತದಂತೆ, ಆಮೇಲೆ ತಾನು ಪಂಕ್ಚರ್ ಅಂಗಡಿಯ ಮುಂದೆ ಕುಂತು ಬೀಗರಿಗೆ ಪಂಪು ಹೊಡೆದುಕೊಡಬೇಕಾಗುತ್ತದಂತೆ.

ನಾನು ಸುಮ್ಮನಿರುವವನಲ್ಲ. ಏನು ಅಂದೆ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದರಲ್ಲಿ ಅವನ ಹಿಟ್ಟಿನ ಮಿಲ್ಲು ಬಂತು, ಮಿಲ್ಲಿನ ಬೆಲ್ಟು ಬಂತು, ಡೈಮಂಡಿನ ಹೊಟ್ಟೆ ಬಂತು, ಅವನ ಹೊಟ್ಟೆಯೂ ಬಂತು. ನಮ್ಮ ಮೇಷ್ಟ್ರು ನಡೆದೇ ನಡೆಯುತ್ತಾರೆ, ನಿನ್ನ ಮನೆಯ ಒಂದು ತೊಟ್ಟು ಜಿಡ್ಡೂ ಇಲ್ಲದೆ ನಡೆಯುತ್ತಾರೆ ಅಂತ ಕೂಗಿದೆ. ಅವ್ವ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಅಂಗಿ ಪರ್ರನೆ ಹರಿಯಿತು. ಜನ ಮತ್ತೊಂದು ಸಲ ನಕ್ಕರು.

ಮೇಷ್ಟ್ರು ಅಂದರೆ ನಮ್ಮ ನಾಯಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಲೆಕ್ಕದ ಮೇಷ್ಟ್ರೊಬ್ಬರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ, ಈ ನಂಜೇಶನ ತಲೆಯಲ್ಲಿ ಅಂಶವೂ ಇಲ್ಲ, ಛೇದವೂ ಇಲ್ಲ, ಮಧ್ಯದ ಗೆರೆ ಮಾತ್ರ ಇದೆ ಅಂದಿದ್ದರು. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಅದೇ ವಾರ ಚರಂಡಿಯ ಪಕ್ಕ ಸಿಕ್ಕ ಕಂದು ಮರಿಗೆ ಬೇಕಂತಲೇ ಮೇಷ್ಟ್ರು ಅಂತ ಹೆಸರಿಟ್ಟೆ. ದಿನಾ ಬೆಳಗ್ಗೆ ಬೀದಿಯಲ್ಲಿ ನಿಂತು, ಮೇಷ್ಟ್ರೇ ಕೂತ್ಕಳಿ, ಮೇಷ್ಟ್ರೇ ಕೈ ಕೊಡಿ, ಮೇಷ್ಟ್ರೇ ಆ ಮೂಳೆ ಬಿಡಿ ಅಂತ ಕೂಗಬೇಕು, ಅದು ಶಾಲೆಯ ಕಾಂಪೌಂಡಿನ ತನಕ ಕೇಳಬೇಕು ಅನ್ನುವುದು ನನ್ನ ಆಸೆ. ಆರು ತಿಂಗಳಿಗೆ ಆ ಸಿಟ್ಟು ಯಾವ ಕಡೆ ಹೋಯಿತೋ ಗೊತ್ತಾಗಲಿಲ್ಲ. ಹೆಸರು ಉಳಿಯಿತು, ಮರ್ಯಾದೆಯೂ ಉಳಿಯಿತು. ನನ್ನ ಹತ್ತಿರ ಇರುವ ಮರ್ಯಾದೆಯೇ ಸ್ವಲ್ಪ, ಅದನ್ನು ನಾನು ಪಾಲಾಕ್ಷಯ್ಯನಂಥವರಿಗೆ ಹಾಳುಮಾಡುವುದಿಲ್ಲ, ನಾಯಿಗೆ ಕೊಡುತ್ತೇನೆ.

ಹನ್ನೊಂದು ವರ್ಷ ಮೇಷ್ಟ್ರು ನನ್ನ ಜೊತೆ ಬೆಳಗ್ಗೆ ಅಂಗಡಿಗೆ ಬಂದು, ಟ್ಯೂಬು ಮುಳುಗಿಸುವ ನೀರಿನ ಬಾನಿಯ ಪಕ್ಕ ಕೂತು, ಗುಳ್ಳೆ ಎದ್ದಾಗ ಒಂದು ಸಲ ಬೊಗಳಿ, ಸಂಜೆ ನನ್ನ ಜೊತೆ ಮನೆಗೆ ಹೋಗುತ್ತಿದ್ದರು. ಜಗಲಿಯ ಆ ಜಗಳಕ್ಕೆ ಎರಡು ತಿಂಗಳ ಮೊದಲು ಹಿಂಗಾಲು ಸೋತವು. ಎದ್ದರೆ ಸೊಂಟ ಕುಸಿಯುವುದು, ಮುಂಗಾಲಲ್ಲಿ ತೆವಳುವುದು. ಸೈಕಲ್ಲಿನ ಕ್ಯಾರಿಯರಿಗೆ ಟೊಮೆಟೊ ಕ್ರೇಟು ಕಟ್ಟಿ ಅದರಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ಅವರು ಕ್ರೇಟಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದರು, ಡಿಬಾರಾದವರ ಹಾಗೆ. ಸೊಂಟದ ಕೀಲು ಎರಡೂ ಸವೆದಿವೆ ಎಂದು ಡಾಕ್ಟರ್ ಶಕೀಲಾ ಹೇಳಿದರು. ಹೀಗೇ ಬಿಟ್ಟರೆ ತೊಡೆ ಒಣಗುತ್ತದೆ, ಮೈ ಹುಣ್ಣಾಗುತ್ತದೆ, ಆಮೇಲೆ ಒಂದು ದಿನ ನೀನೇ ಬಂದು ನನ್ನ ಹತ್ತಿರ ಕೊನೆಯ ಸೂಜಿ ಕೇಳುತ್ತೀಯ ಎಂದೂ ಹೇಳಿದರು. ಆ ಕೊನೆಯ ಮಾತು ಕೇಳಿದ ಮೇಲೆಯೇ ಅವ್ವ ತಟ್ಟೆ ಹಿಡಿದು ಹೊರಟಿದ್ದು.

ನಮ್ಮೂರಿನಲ್ಲಿ ತಟ್ಟೆಯಿಲ್ಲದೆ ಸಸಿ ಸಿಗುವುದಿಲ್ಲ. ಸಸಿ ಅಂದರೆ ಡಾಕ್ಟರು ಸ್ಟೆಮ್ ಸೆಲ್ ಅನ್ನುವುದು. ಒಂದು ನಾಯಿಯ ಹೆಗಲ ಹಿಂದಿನಿಂದ ನಿಂಬೆಹಣ್ಣಿನಷ್ಟು ಕೊಬ್ಬು ತೆಗೆದು, ತೊಳೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಅದರೊಳಗಿನ ಕಣ್ಣಿಗೆ ಕಾಣದ ಜೀವಕಣಗಳನ್ನು ಇನ್ನೊಂದು ನಾಯಿಯ ಕೀಲಿಗೆ ಬಿಡುತ್ತಾರೆ. ಬಿಟ್ಟ ಗಳಿಗೆಯಿಂದ ಕೊಟ್ಟ ನಾಯಿಯ ಮನೆ, ತೆಗೆದುಕೊಂಡ ನಾಯಿಯ ಮನೆ, ಎರಡೂ ಬೀಗರು. ಬಾಯಿಮಾತಿನ ಬೀಗರಲ್ಲ, ಖಾಸಾ ಬೀಗರು. ಅಂಚೆ ಹಂಚುವವನ ಬೆಕ್ಕಿಗೆ ಬಳೆ ಅಂಗಡಿಯವರ ಬೆಕ್ಕಿನ ಸಸಿ ಬಿದ್ದ ದಿನದಿಂದ ಆ ಎರಡು ಮನೆಯವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವಂತಿಲ್ಲ. ಕಾಗದ ಕೊಡಬೇಕಾದರೆ ಅಂಚೆಯವನು ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಮೂರು ವರ್ಷ ಪ್ರೀತಿಸಿದ ಹುಡುಗ ಹುಡುಗಿಯ ಮದುವೆ ಮುರಿದು ಬಿದ್ದದ್ದೂ ಉಂಟು. ಇಬ್ಬರ ಮನೆಯ ನಾಯಿಗಳು ಬೇರೆ ಬೇರೆ ಕಡೆ ಸಸಿ ಪಡೆದು ವರಸೆಯಲ್ಲಿ ಅವನು ಅವಳಿಗೆ ಚಿಕ್ಕಪ್ಪನಾಗಿಬಿಟ್ಟಿದ್ದ.

ಬೀಗರಲ್ಲಿ ಕೊಟ್ಟವರು ಮೇಲು. ಅವರಿಗೆ ಮೊದಲ ಎಲೆ, ಮೊದಲ ಹಪ್ಪಳ, ಹೋದಲ್ಲೆಲ್ಲ ಕಾಲಿಗೆ ನೀರು. ಪಾಲಾಕ್ಷಯ್ಯನ ಡೈಮಂಡ್ ಹದಿನೇಳು ಮನೆಗೆ ಕೊಬ್ಬು ಕೊಟ್ಟಿತ್ತು. ಹದಿನೇಳು ಬೀಗರ ಮನೆಯಿದ್ದ ಮೇಲೆ ಅವನು ತನ್ನ ಮನೆಯಲ್ಲಿ ಯಾಕೆ ಉಣ್ಣುತ್ತಾನೆ? ಅವನ ಮನೆಯ ಒಲೆಯಲ್ಲಿ ಬೇಯುತ್ತಿದ್ದದ್ದು ಡೈಮಂಡಿನ ಹೋಳಿಗೆ ಮಾತ್ರ. ಕೊಬ್ಬು ಬೆಳೆಯಲಿ ಅಂತ ಮೇಲೆ ತುಪ್ಪ. ಆ ನಾಯಿ ನಾಲ್ಕು ಕಾಲಿಟ್ಟ ಗ್ಯಾಸ್ ಸಿಲಿಂಡರಿನ ಹಾಗೆ ಇತ್ತು. ಪಾಪ, ಅದರ ಮೇಲೆ ನನಗೇನೂ ಸಿಟ್ಟಿಲ್ಲ.

ಬೇರೆ ನಾಯಿಯವರನ್ನು ಕೇಳೋಣವೆಂದರೆ, ಪಾಲಾಕ್ಷಯ್ಯ ಇಲ್ಲವೆಂದ ಮನೆಗೆ ಕೊಡುವವರು ಯಾರು? ಎಲ್ಲರಿಗೂ ಅವನು ಒಂದಲ್ಲ ಒಂದು ಲೆಕ್ಕದಲ್ಲಿ ಬೀಗ, ಇಲ್ಲವೇ ಬೀಗರ ಬೀಗ. ಒಂಬತ್ತು ಮನೆಗೆ ಹೋದೆ, ಐದು ಮನೆಯಲ್ಲಿ ಜಗಳವಾಡಿ ಬಂದೆ. ಉಳಿದ ನಾಲ್ಕು ಮನೆಯವರು ನಾನು ಬರುವುದನ್ನು ನೋಡಿ ಬಾಗಿಲು ಹಾಕಿಕೊಂಡಿದ್ದರು.

ಹತ್ತನೆಯ ದಿನ ಡಾಕ್ಟರ್ ಶಕೀಲಾ ಪಂಕ್ಚರಾದ ಸ್ಕೂಟಿಯನ್ನು ತಳ್ಳಿಕೊಂಡು ನನ್ನ ಅಂಗಡಿಗೆ ಬಂದರು. ಅವರು ಹೊರಗಿನವರು, ನಮ್ಮೂರಿಗೆ ಬಂದು ನಾಲ್ಕು ವರ್ಷ. ಮೊದಲು ನಮ್ಮ ಬೀಗತನವನ್ನು ನೋಡಿ ನಗುತ್ತಿದ್ದರಂತೆ. ಈಗ ಆಪರೇಷನ್ ಕೋಣೆಯ ಬಾಗಿಲಿನ ಆಚೆ ಒಂದು, ಈಚೆ ಒಂದು ಕುರ್ಚಿ ಹಾಕಿಸಿದ್ದಾರೆ, ಎರಡು ಕಡೆಯ ಬೀಗರು ಕೂರಲಿಕ್ಕೆ. ತೂತು ದೊಡ್ಡದಿತ್ತು. ನನ್ನ ಡಬ್ಬಿಯಲ್ಲಿ ಪ್ಯಾಚ್ ಮುಗಿದಿತ್ತು. ಅದೇ ಟ್ಯೂಬಿನ ಬಾಯಿ ಹತ್ತಿರ ಮಡಿಚಿಕೊಂಡಿದ್ದ ಹೆಚ್ಚುವರಿ ರಬ್ಬರನ್ನು ಬೆರಳಗಲ ಕತ್ತರಿಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ ಅದಕ್ಕೇ ಅಂಟಿಸುತ್ತಿದ್ದೆ. ಅಂಟಿಸುವಾಗ ಕೈ ನಿಂತಿತು.

“ಡಾಕ್ಟ್ರೇ, ನಮ್ ಮೇಷ್ಟ್ರ ಕೊಬ್ಬು ತಗದು ನಮ್ ಮೇಷ್ಟ್ರಿಗೇ ಬುಟ್ರೆ ಆಗಲ್ವಾ?” ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಅಂಗಡಿಯ ಕಲ್ಲಿನ ಮೇಲೆ ಕೂತುಕೊಂಡರು. “ನಾಲ್ಕು ವರ್ಷದಿಂದ ನಾನು ಇದನ್ನೇ ಹೇಳ್ತಾ ಇದ್ದೀನಿ ನಂಜೇಶ. ಬೇರೆ ಕಡೆಯೆಲ್ಲ ಹಾಗೂ ಮಾಡ್ತಾರೆ. ಇಲ್ಲಿ ಯಾರೂ ಒಪ್ಪಲ್ಲ. ಬೀಗರಿಲ್ಲದ ಸಸಿ ಹತ್ತೋದು ಹೇಗೆ ಅಂತಾರೆ,” ಎಂದರು.

ಆದರೆ ಅವರು ಆಸೆ ಹುಟ್ಟಿಸಲಿಲ್ಲ. ಮುದಿ ನಾಯಿಯ ಸಸಿಗೆ ಕಸುವು ಕಡಿಮೆ. ಅರ್ಧಕ್ಕರ್ಧ ಹತ್ತದೆಯೂ ಹೋಗಬಹುದು. ಹತ್ತಿದರೂ ಕೀಲು ಹೊಸದಾಗುವುದಿಲ್ಲ, ನೋವು ತಗ್ಗಿ ನಾಲ್ಕು ಹೆಜ್ಜೆ ಬಂದರೆ ದೊಡ್ಡದು. ಮೂರು ತಿಂಗಳಿಗೆ ಇನ್ನೊಂದು ಸಲ ಬಿಡಬೇಕಾಗಬಹುದು. ಇಷ್ಟನ್ನು ಬೆರಳು ಮಡಿಚಿ ಹೇಳಿ, ಇನ್ನೊಂದು ತೊಡಕನ್ನೂ ಹೇಳಿದರು. ಬಾಗಿಲಿನ ಎರಡು ಕುರ್ಚಿ ತುಂಬದೆ ಅವರ ಆಸ್ಪತ್ರೆಯ ಆಳುಗಳು ಒಬ್ಬರೂ ಒಳಗೆ ಕಾಲಿಡುವುದಿಲ್ಲ. ಒಬ್ಬರೇ ನಾಯಿಯನ್ನು ಮಲಗಿಸಿ, ಕುಯ್ದು, ಹೊಲಿದು, ಯಂತ್ರವನ್ನೂ ತಿರುಗಿಸಲು ಅವರಿಗೇನು ಎಂಟು ಕೈಯಿಲ್ಲ.

ಹಾಗಾಗಿ ಮಾತು ಹೊನ್ನಜ್ಜಿಯ ಹತ್ತಿರ ಹೋಯಿತು. ನಮ್ಮೂರಿನಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದನ್ನು ತೀರ್ಮಾನ ಮಾಡುವವಳು ಆಕೆ. ತೊಂಬತ್ತು ದಾಟಿದೆ, ಹಲ್ಲಿಲ್ಲ, ಕುಟ್ಟಿದ ಎಲೆಯಡಿಕೆಯನ್ನು ದವಡೆಯಲ್ಲಿ ಉರುಳಿಸುತ್ತ ಯೋಚಿಸುತ್ತಾಳೆ. ನಮ್ಮ ವಿಷಯಕ್ಕೆ ಮೂರು ದಿನ ಉರುಳಿಸಿದಳು. ಪಾಲಾಕ್ಷಯ್ಯ ಅಷ್ಟರಲ್ಲಿ ಅಲ್ಲಿಗೆ ನಾಲ್ಕು ಸಲ ಹೋಗಿ ಬಂದಿದ್ದ. ಸ್ವಂತ ಕೊಬ್ಬು ಸ್ವಂತಕ್ಕೇ ಬಿಟ್ಟುಕೊಳ್ಳುವುದು ತನ್ನ ಮಗಳನ್ನು ತನ್ನ ಮಗನಿಗೇ ತಂದುಕೊಂಡ ಹಾಗೆ ಅಂತ ಹೇಳಿದ್ದನಂತೆ. ಮೂರನೆಯ ದಿನ ಹೊನ್ನಜ್ಜಿ ಉಗಿದು, ಬಾಯಿ ಒರೆಸಿಕೊಂಡು, ತೀರ್ಪು ಕೊಟ್ಟಳು. ಕೊಡುವುದೂ ಆ ಮನೆ, ತೆಗೆದುಕೊಳ್ಳುವುದೂ ಆ ಮನೆ. ಆದ್ದರಿಂದ ಆ ಮನೆ ಆ ಮನೆಗೇ ಬೀಗರು. ಮನೆಯಲ್ಲಿ ಇರುವುದು ಇಬ್ಬರು. ಒಬ್ಬರು ಕೊಟ್ಟ ಕಡೆಯವರಾಗಲಿ, ಒಬ್ಬರು ತಕ್ಕೊಂಡ ಕಡೆಯವರಾಗಲಿ.

“ನಂದು ಕೊಟ್ಟ ಕಡೆ,” ಎಂದಳು ಅವ್ವ. ಅಜ್ಜಿಯ ಬಾಯಿ ಇನ್ನೂ ಮುಚ್ಚಿರಲಿಲ್ಲ.

ಕೊಬ್ಬು ತೆಗೆಯುವುದು ಹೆಗಲಿನಿಂದ, ಬಿಡುವುದು ಸೊಂಟಕ್ಕೆ. ಹಾಗಾಗಿ ಮೇಷ್ಟ್ರ ಮುಂದಿನರ್ಧ ಅವ್ವನ ಕಡೆಗೆ ಬಂತು, ಹಿಂದಿನರ್ಧ ನನ್ನ ಕಡೆಗೆ. ಹೊನ್ನಜ್ಜಿ ಸುಣ್ಣದಲ್ಲಿ ಬೆರಳದ್ದಿ ಮೇಷ್ಟ್ರ ಬೆನ್ನ ಮೇಲೆ ಅಡ್ಡಗೆರೆ ಎಳೆದಳು. ಮುಂದಿನರ್ಧ ಅಂದರೆ ಊಟ, ಬಾಯಿ ಒರೆಸುವುದು, ಕಿವಿ ಕೆರೆಯುವುದು, ಕೈ ನೆಕ್ಕಿಸಿಕೊಳ್ಳುವುದು. ಹಿಂದಿನರ್ಧ ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ ಮಾತ್ರ ನನ್ನದು, ಅದರಲ್ಲಿ ಸ್ವಲ್ಪ ಸುಖವಿತ್ತು.

ಹೊನ್ನಜ್ಜಿ ಕಟ್ಟಿದ ಇನ್ನೊಂದು ಕಟ್ಟು ನನಗೆ ಉರುಳಾಯಿತು. ಸಸಿ ಬಿಟ್ಟ ದಿನದಿಂದ ನಲವತ್ತೆರಡನೆಯ ದಿನ, ಅಂದರೆ ಊರ ಮುಂದೆ ನಾಯಿಯನ್ನು ನಡೆಸಿ ತೋರಿಸುವ ದಿನದ ತನಕ, ತೆಗೆದುಕೊಂಡವನು ಬೀಗರ ಮೇಲೆ ಧ್ವನಿ ಎತ್ತುವಂತಿಲ್ಲ. ಎತ್ತಿದರೆ ಬೀಗತನ ಮುರಿದಂತೆ. ಮುರಿದರೆ ಆ ಮನೆಯ ಯಾವ ಪ್ರಾಣಿಗೂ ಆಸ್ಪತ್ರೆಯ ಆಳುಗಳು ಮುಂದೆ ಕೈ ಹಚ್ಚುವುದಿಲ್ಲ. ಡಾಕ್ಟರು ಹೇಳಿದ ಮೂರು ತಿಂಗಳ ಸೂಜಿ ನನ್ನ ಕಣ್ಣ ಮುಂದೆ ಬಂತು. ಹೂಂ ಅಂದೆ.

ಆಪರೇಷನ್ ದಿನ ಬಾಗಿಲಿನ ಆಚೆ ಕುರ್ಚಿಯಲ್ಲಿ ಅವ್ವ ಮದುವೆಯ ಸೀರೆ ಉಟ್ಟು ಕೂತಿದ್ದಳು. ಈಚೆ ಕುರ್ಚಿಯಲ್ಲಿ ನಾನು ಇದ್ದೆ. ಎರಡೂ ಕಡೆ ತುಂಬಿದ್ದರಿಂದ ಆಳುಗಳು ಒಳಗೆ ಹೋದರು. ಎರಡೂವರೆ ಗಂಟೆ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೀಗರು ಅವತ್ತು ನೋಡಬಾರದಂತೆ. ಆದರೆ ಅವ್ವ ಸೆರಗಿನ ಚುಂಗನ್ನು ಬಾಯಲ್ಲಿ ಕಚ್ಚಿಕೊಂಡದ್ದು ನನಗೆ ಓರೆಗಣ್ಣಲ್ಲಿ ಕಂಡಿತು. ಮೇಷ್ಟ್ರನ್ನು ಹೊರಗೆ ತಂದಾಗ ಹೆಗಲ ಹತ್ತಿರ ಅಂಗೈಯಗಲ ಕೂದಲು ಬೋಳಿಸಿತ್ತು, ನಾಲಿಗೆ ಒಂದು ಕಡೆ ಜೋತಿತ್ತು. ಉಸಿರಾಡುತ್ತಿದ್ದರು. ಅವ್ವ ತಲೆ ಹಿಡಿದುಕೊಂಡಳು, ನಾನು ಸೊಂಟ ಹಿಡಿದುಕೊಂಡೆ, ಗೆರೆ ದಾಟದೆ.

ಒಂದೂವರೆ ಕೋಣೆಯ ಮನೆಯಲ್ಲಿ ಬೀಗರಾಗಿ ಬಾಳುವುದು ಹೇಗೆ ಅಂತ ನನ್ನನ್ನು ಕೇಳಿ. ಅವ್ವ ಅಡುಗೆ ಮಾಡುತ್ತಾಳೆ, ಮಾಡಿ ಮುಚ್ಚಿಟ್ಟು, ಹೊರಗೆ ಹೋಗಿ ಜಗಲಿಯ ಮೇಲೆ ಕೂರುತ್ತಾಳೆ. ನಾನು ಹೋಗಿ, ಬೀಗಿತ್ತಿಯವರೇ, ದಯಮಾಡಿ ಊಟಕ್ಕೆ ಏಳಬೇಕು ಅನ್ನಬೇಕು. ಒಂದು ಸಲ ಕರೆದರೆ ಕೇಳಿಸುವುದಿಲ್ಲ. ಎರಡನೆಯ ಸಲ ಕರೆದರೆ, ನಮಗೇನು ಹಸಿವಿಲ್ಲ ಅನ್ನುತ್ತಾಳೆ. ಮೂರನೆಯ ಸಲಕ್ಕೆ ಎದ್ದು ಬಂದು, ಕಾಲಿಗೆ ನೀರು ತೆಗೆದುಕೊಂಡು, ತಾನೇ ಮಾಡಿದ ಸಾರಿನಲ್ಲಿ ಒಂದು ತುತ್ತು ಉಂಡು, ಉಪ್ಪು ಒಂದು ಕಲ್ಲು ಜಾಸ್ತಿಯಾಯಿತು, ನಮ್ಮ ಕಡೆ ಹೀಗೆ ಮಾಡುವುದಿಲ್ಲ ಅನ್ನುತ್ತಾಳೆ. ಬೀಗಿತ್ತಿ ಊಟದಲ್ಲಿ ಒಂದು ತಪ್ಪು ಹುಡುಕದಿದ್ದರೆ ಅದು ಬೀಗರ ಊಟವೇ ಅಲ್ಲವಂತೆ. ಮೊದಲ ವಾರ ತಾನು ಮಾಡಿದ ಅಡುಗೆಯಲ್ಲಿ ಅವಳು ಹದಿನಾಲ್ಕು ತಪ್ಪು ಹುಡುಕಿದಳು. ನಾನು ಕೈ ಕಟ್ಟಿ ನಿಂತು, ಮುಂದಿನ ಸಲ ಸರಿಮಾಡಿಕೊಳ್ಳುತ್ತೇವೆ ಅಂದೆ.

ಸಿಟ್ಟು ಬಾರದೆ ಇರುತ್ತದೆಯೇ? ಬಂದಾಗ ಅಂಗಡಿಗೆ ಹೋಗಿ ಪಂಪು ಹೊಡೆಯುತ್ತಿದ್ದೆ. ಆ ತಿಂಗಳು ಊರಿನಲ್ಲಿ ಏಳು ಟ್ಯೂಬು ಒಡೆದವು. ಹಾಲಿನವನ ಹಿಂದಿನ ಚಕ್ರ ಒಡೆದ ಸದ್ದಿಗೆ ಎದುರು ಮನೆಯ ಎಮ್ಮೆ ಎರಡು ದಿನ ಹಾಲು ಬಿಡಲಿಲ್ಲ.

ಬೆಳಗ್ಗೆ ಮಾತ್ರ ಕೆರೆಗೆ ಹೋಗುತ್ತಿದ್ದೆವು, ಮೇಷ್ಟ್ರು, ನಾನು, ಬೀಗಿತ್ತಿಯವರು. ನೀರಿನಲ್ಲಿ ಭಾರ ಕಡಿಮೆ, ಅಲ್ಲಿ ಕಾಲಾಡಿಸಿ ಎಂದು ಡಾಕ್ಟರು ಹೇಳಿದ್ದರು. ಸ್ಕೂಟರಿನ ಹಳೇ ಟ್ಯೂಬನ್ನು ಕತ್ತರಿಸಿ ಸೊಂಟದ ಅಡಿಗೆ ಉಯ್ಯಾಲೆಯ ಹಾಗೆ ಪಟ್ಟಿ ಮಾಡಿ, ಎರಡು ತುದಿಯನ್ನು ನಾನು ಮೇಲೆ ಹಿಡಿದುಕೊಳ್ಳುತ್ತಿದ್ದೆ. ಅವ್ವ ಮುಂದೆ ನಿಂತು ರೊಟ್ಟಿ ತೋರಿಸುತ್ತಿದ್ದಳು. ಮುಂದಿನರ್ಧ ರೊಟ್ಟಿಯ ಕಡೆ ಹೋಗುತ್ತಿತ್ತು. ಹಿಂದಿನರ್ಧ ನೀರಿನಲ್ಲಿ ಒದ್ದೆ ಚೀಲದ ಹಾಗೆ ತೇಲುತ್ತಿತ್ತು. ಒಂದು ವಾರ ಹಾಗೆ, ಎರಡು ವಾರ ಹಾಗೆ, ನಾಲ್ಕು ವಾರವೂ ಹಾಗೆಯೇ. ದಡದ ಮೇಲೆ ಪಾಲಾಕ್ಷಯ್ಯ ಡೈಮಂಡನ್ನು ಅಡ್ಡಾಡಿಸಲು ಬರುವ ನೆಪದಲ್ಲಿ ನಿಂತು ನೋಡುತ್ತಿದ್ದ. ಡೈಮಂಡ್ ಅಡ್ಡಾಡುತ್ತಿರಲಿಲ್ಲ, ಅದೂ ಕೂತುಕೊಂಡು ನೋಡುತ್ತಿತ್ತು.

ಮೂವತ್ತೊಂದನೆಯ ದಿನ ಡಾಕ್ಟರ್ ಶಕೀಲಾ ಮೇಷ್ಟ್ರ ಕಾಲ್ಬೆರಳು ಚಿವುಟಿ ನೋಡಿದರು, ತೊಡೆ ಹಿಸುಕಿ ನೋಡಿದರು, ಇನ್ನೂ ಕಾಯೋಣ ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮನೆಗೆ ಬಂದ ಮೇಲೆ ಅವ್ವ ಜಗಲಿಯ ಮೇಲೆ ಕೂತು, ಗಾಳಿಗೆ ಹೇಳಿದ ಹಾಗೆ ಹೇಳಿದಳು. ನಮ್ಮ ಕಡೆಯಿಂದ ಒಳ್ಳೆಯ ಸಸಿಯನ್ನೇ ಕೊಟ್ಟಿದ್ದೆವು, ಇಟ್ಟುಕೊಳ್ಳುವವರಿಗೆ ಯೋಗ್ಯತೆ ಇರಲಿಲ್ಲ.

ನನಗೆ ತಲೆಗೆ ಏರಿತು. ಬಾಯಿ ತೆರೆದೆ. ಹನ್ನೊಂದು ವರ್ಷ ಆ ನಾಯಿಯನ್ನು ಸಾಕಿದವನು ಯಾರು, ಯೋಗ್ಯತೆ ಅಂದರೇನು, ಎಲ್ಲ ಮಾತು ಗಂಟಲ ತನಕ ಬಂದು ನಿಂತಿತು. ಧ್ವನಿ ಎತ್ತಿದರೆ ಬೀಗತನ ಹೋಗುತ್ತದೆ, ಮೂರು ತಿಂಗಳ ಸೂಜಿ ಹೋಗುತ್ತದೆ. ಬಂದ ಮಾತನ್ನು ನುಂಗಿದೆ. ನುಂಗಿದ ಮೇಲೆ ಏನಾದರೂ ಹೇಳಬೇಕಲ್ಲ. ಬೀಗರಿಗೆ ಹೇಳುವ ಮಾತು ಒಂದೇ ನನಗೆ ಅಭ್ಯಾಸವಾಗಿದ್ದದ್ದು.

“ತಮ್ಮದು ಊಟ ಆಯ್ತಾ?” ಎಂದೆ.

“ಬೀಗ್ರೇ, ನಮ್ಮನೇಲಿ ಒಬ್ಬ ಮಗ ಅವ್ನೆ,” ಎಂದಳು ಅವ್ವ. “ಹುಟ್ಟಿದಾಗ್ಲಿಂದ ಒಂದಿನಾನೂ ಇದ್ನ ಕೇಳಿಲ್ಲ. ನೀವೇ ವಾಸಿ.”

ನಾನು ಹೋಗಿ ಮೇಷ್ಟ್ರ ಹಿಂದಿನರ್ಧವನ್ನು ಬಿಸಿನೀರಿನಲ್ಲಿ ತೊಳೆದೆ. ಎರಡು ಸಲ ತೊಳೆದೆ. ಬೀಗಿತ್ತಿಯವರು ಬಂದು ಚೊಂಬು ಹಿಡಿದುಕೊಂಡರು, ಗೆರೆಯ ಆಚೆ ತಮ್ಮ ಕಡೆ ನಿಂತೇ.

ಮೂವತ್ತಾರನೆಯ ದಿನ ಕೆರೆಯಲ್ಲಿ ಪಟ್ಟಿ ಒಂದು ಕಡೆ ಸಡಿಲವಾಯಿತು. ಕೈ ಜಾರಿತೇನೋ ಅಂದುಕೊಂಡೆ. ಜಾರಿರಲಿಲ್ಲ. ಬಲಗಾಲು ಕೆಳಗಿನ ಮರಳನ್ನು ಒತ್ತುತ್ತಿತ್ತು. ನಾನು ಅವ್ವನಿಗೆ ಸನ್ನೆ ಮಾಡಿದೆ, ಅವಳು ರೊಟ್ಟಿಯನ್ನು ಒಂದು ಗೇಣು ಹಿಂದಕ್ಕೆ ತೆಗೆದುಕೊಂಡಳು. ಮೇಷ್ಟ್ರು ಒಂದು ಹೆಜ್ಜೆ ಇಟ್ಟು, ಮುಗ್ಗರಿಸಿ, ಮುಳುಗಿ, ಎದ್ದು, ರೊಟ್ಟಿಯ ಜೊತೆ ಅವ್ವನ ಸೆರಗನ್ನೂ ಕಚ್ಚಿಕೊಂಡು ಬಂದರು.

ಅಂದಿನಿಂದ ದಿನಕ್ಕೆ ನಾಲ್ಕು ಹೆಜ್ಜೆ, ಆರು ಹೆಜ್ಜೆ, ಅದೂ ನೀರಿನಲ್ಲಿ. ನೆಲದ ಮೇಲೆ ಎದ್ದು ನಿಲ್ಲುತ್ತಿದ್ದರು, ನಿಂತು ನಡುಗಿ ಕೂತುಬಿಡುತ್ತಿದ್ದರು. ನಡೆಸುವ ದಿನಕ್ಕೆ ಇಪ್ಪತ್ತು ಹೆಜ್ಜೆ ಬೇಕು. ಹಳೇ ಬಸ್ ನಿಲ್ದಾಣದ ಮುಂದೆ ಕೊಟ್ಟವರು ಒಂದು ತುದಿಯಲ್ಲಿ, ತೆಗೆದುಕೊಂಡವರು ಒಂದು ತುದಿಯಲ್ಲಿ ನಿಲ್ಲಬೇಕು. ನಡುವೆ ಇಪ್ಪತ್ತು ಹೆಜ್ಜೆ. ಪ್ರಾಣಿ ಈ ಕಡೆಯಿಂದ ಆ ಕಡೆಗೆ ತಾನಾಗಿ ನಡೆದು ಹೋಗಬೇಕು. ಹೋದರೆ ಬೀಗತನ ಗಟ್ಟಿ, ಮುಂದಿನ ಸೂಜಿಗೆ ಬಾಗಿಲು ತೆರೆದಂತೆ. ಕೂತರೆ ಅಲ್ಲಿಗೆ ಮುಗಿಯಿತು. ಯಾರೂ ಕರೆಯುವಂತಿಲ್ಲ, ರೊಟ್ಟಿ ತೋರಿಸುವಂತಿಲ್ಲ.

ಅವತ್ತು ಊರಿಗೆ ಊರೇ ಬಂದಿತ್ತು. ಸ್ವಂತ ಸಸಿಯ ನಾಯಿ ನಡೆಯುವುದನ್ನು ಯಾರೂ ನೋಡಿರಲಿಲ್ಲ. ಹದಿನೇಳು ಬೀಗರ ಮನೆಯವರೂ ಇದ್ದರು, ಪಾಲಾಕ್ಷಯ್ಯನ ಹಿಂದೆ ಸಾಲಾಗಿ. ಅವರಲ್ಲಿ ಕೆಲವರ ಮುಖದಲ್ಲಿ ಒಂದು ಆಸೆಯಿತ್ತು ಎಂದು ನನಗನ್ನಿಸಿತು. ನಮ್ಮ ನಾಯಿ ನಡೆದುಬಿಟ್ಟರೆ ಮುಂದೆ ಯಾರೂ ಅವನಿಗೆ ದಿನಾ ಹಪ್ಪಳ ಕರಿಯಬೇಕಾಗಿರಲಿಲ್ಲ. ಹೊನ್ನಜ್ಜಿಯನ್ನು ಕುರ್ಚಿ ಸಮೇತ ಎತ್ತಿ ತಂದು ಮಧ್ಯದಲ್ಲಿ ಇಟ್ಟಿದ್ದರು. ಡಾಕ್ಟರ್ ಶಕೀಲಾ ಬಸ್ ನಿಲ್ದಾಣದ ಕಂಬದ ಹಿಂದೆ ನಿಂತು ಉಗುರು ಕಚ್ಚುತ್ತಿದ್ದರು.

ಅವ್ವ ಮೇಷ್ಟ್ರನ್ನು ಎತ್ತಿ ನಿಲ್ಲಿಸಿ ಕೈ ಬಿಟ್ಟಳು. ಅವರು ನಿಂತರು. ಸೊಂಟ ಗಡಗಡ ಅಂತಿತ್ತು. ಇಪ್ಪತ್ತು ಹೆಜ್ಜೆ ಆಚೆ ನಾನು ತುಟಿ ಕಚ್ಚಿಕೊಂಡು ನಿಂತೆ. ಒಂದು ಹೆಜ್ಜೆ ಬಂತು. ಎಡಗಾಲು ಹೊರಕ್ಕೆ ಬೀಸಿ ಬಂತು, ಬಾಗಿಲಿನ ಹಾಗೆ. ಎರಡು. ಮೂರು. ಐದಕ್ಕೆ ನಿಂತು ನನ್ನ ಹಿಂದಿದ್ದ ಎಣ್ಣೆ ಅಂಗಡಿಯ ಕಡೆ ಮೂಗು ಎತ್ತಿದರು. ಅಲ್ಲಿ ಪಾಲಾಕ್ಷಯ್ಯ, ಕೂತುಬಿಡು ಕೂತುಬಿಡು, ದಣಿದಿದೀಯ ಅಂತ ಮೆಲ್ಲಗೆ ಹೇಳುತ್ತಿದ್ದ, ನಾನು ಕೂಗಲಿ ಅಂತಲೇ. ನಾನು ಕೂಗಲಿಲ್ಲ. ಹನ್ನೆರಡಕ್ಕೆ ಸೊಂಟ ನೆಲದ ತನಕ ಇಳಿಯಿತು. ಜನರೆಲ್ಲ ಅಯ್ಯೋ ಅಂದರು. ಇಳಿದದ್ದು ನೆಲ ಮುಟ್ಟಲಿಲ್ಲ. ಎಲ್ಲಿಂದ ಕಸುವು ಬಂತೋ, ಎದ್ದರು. ಹದಿನೈದು. ಹದಿನೆಂಟು. ನಾನು ಮೊಣಕಾಲೂರಿ ಕೂತು ಎರಡೂ ಕೈ ಚಾಚಿದೆ.

ಇಪ್ಪತ್ತಾಯಿತು. ಮೇಷ್ಟ್ರು ನನ್ನ ಕೈ ಮೂಸಿದರು. ಮೂಸಿ, ನನ್ನ ಪಕ್ಕದಿಂದ ದಾಟಿ, ಮುಂದೆ ಹೋದರು.

ಊರಿನವರು ಇಷ್ಟು ಹೊತ್ತು ತಡೆದಿದ್ದ ಮಾತೆಲ್ಲ ಒಂದೇ ಸಲ ಹೊರಗೆ ಬಂತು. ತೆಗೆದುಕೊಂಡವನ ಹತ್ತಿರ ನಿಲ್ಲಲಿಲ್ಲ, ಬೀಗತನ ಆಯಿತೋ ಮುರಿಯಿತೋ ಅಂತ ಒಬ್ಬ ಕೇಳಿದ. ಮುಟ್ಟಿ ಹೋಯಿತಲ್ಲ, ಆಯಿತು ಅಂತ ಇನ್ನೊಬ್ಬ. ಹೊನ್ನಜ್ಜಿ ದವಡೆ ಉರುಳಿಸಿ, ಇಪ್ಪತ್ತು ಅಂದರೆ ಇಪ್ಪತ್ತು, ಆಮೇಲಿನದು ನಾಯಿಯ ಖುಷಿ ಅಂದಳು. ಅಲ್ಲಿಗೆ ಬೀಗತನ ಗಟ್ಟಿಯಾಯಿತು, ಸೂಜಿ ಉಳಿಯಿತು, ನನ್ನ ಬಾಯಿಗೆ ಹಾಕಿದ ಕಟ್ಟೂ ಬಿಚ್ಚಿತು. ಅದು ಎಲ್ಲರಿಗೂ ಗೊತ್ತಿತ್ತು. ಪಾಲಾಕ್ಷಯ್ಯನಿಗೂ ಗೊತ್ತಿತ್ತು. ಅವನು ಮುಂದೆ ಬಂದು ಪಂಚೆ ಎತ್ತಿ ಕಟ್ಟಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ನೋಡ್ರಪ್ಪಾ, ಕಾಲು ಬರ್ತಿದ್ದಂಗೇ ಇವ್ನ ಬುಟ್ಟು ಓಡೋಯ್ತಾ ಐತೆ. ನಾಯಿಗೇ ಬೇಡವಾದೋನು ಇನ್ಯಾರಿಗ್ಲಾ ಬೇಕು?”

ಜನ ನನ್ನ ಕಡೆ ತಿರುಗಿದರು. ನಲವತ್ತೆರಡು ದಿನದ್ದು ನನ್ನ ಹೊಟ್ಟೆಯಲ್ಲಿ ಇತ್ತು. ಅವನಿಗೆ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚೆನ್ನಾಗಿತ್ತು, ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾದ ಬೈಗುಳ ಹುಟ್ಟಿರಲಿಲ್ಲ. ಹೇಳಿದ್ದರೆ ಅವನ ಹದಿನೇಳು ಮನೆಯವರೂ ಪಂಚೆ ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು.

ಮೇಷ್ಟ್ರು ಅಷ್ಟರಲ್ಲಿ ಎಣ್ಣೆ ಅಂಗಡಿ ದಾಟಿದ್ದರು. ನೇರಕ್ಕೆ ಹೋಗುತ್ತಿದ್ದರು, ಎಡಗಾಲು ಬೀಸಿಕೊಂಡು. ತಿರುಗುವ ಶಕ್ತಿ ಆ ಸೊಂಟಕ್ಕೆ ಇನ್ನೂ ಬಂದಿರಲಿಲ್ಲ ಅನ್ನುವುದು ನೋಡಿದರೆ ಗೊತ್ತಾಗುತ್ತಿತ್ತು. ನಾನು ಇಲ್ಲಿ ನಿಂತು ಬಾಯಿ ಬಿಟ್ಟರೆ ನನ್ನ ಧ್ವನಿಗೆ ಅವರು ತಿರುಗುತ್ತಾರೆ. ತಿರುಗಿದರೆ ಬೀಳುತ್ತಾರೆ.

ಮೊಣಕಾಲಿನ ಧೂಳು ಕೊಡವಿಕೊಂಡು ಎದ್ದೆ. ಪಾಲಾಕ್ಷಯ್ಯ ಇನ್ನೊಂದು ಸಲ ಕೇಳಿದ, ಏನ್ಲಾ, ಬಾಯಿ ಇಲ್ವಾ ಅಂತ. ಹಿಂದಿನರ್ಧಕ್ಕೆ ನಾಲ್ಕು ಹೆಜ್ಜೆ ದೂರ ಉಳಿಸಿಕೊಂಡು, ಚಪ್ಪಲಿಯ ಸದ್ದಾಗದ ಹಾಗೆ, ನಾನು ಅವರ ಹಿಂದೆ ನಡೆದೆ.